ಶಾಲಾ ಕ್ರೀಡೆ ಮತ್ತು ತಲೆಯ ಪೆಟ್ಟು: ವಾಷಿಂಗ್ಟನ್ ಶಾಸನದ ತತ್ತ್ವ

ಮೈದಾನದಲ್ಲಿ ಬಿದ್ದ ಹುಡುಗನು ಧೂಳು ಕೊಡವಿಕೊಂಡು ಎದ್ದು ಮತ್ತೆ ಆಡತೊಡಗುವುದನ್ನು ಕೆಚ್ಚಿನ ಗುರುತೆಂದು ಎಲ್ಲ ನಾಡುಗಳಲ್ಲಿಯೂ ಬಹುಕಾಲದಿಂದ ಮೆಚ್ಚುತ್ತ ಬಂದಿದ್ದಾರೆ. ಮೊಣಕಾಲು ತರಚಿದ ಮಟ್ಟಿಗೆ ಈ ಮೆಚ್ಚುಗೆಯಲ್ಲಿ ದೋಷವೇನೂ ಇಲ್ಲ. ಆದರೆ ತಲೆಗೆ ಪೆಟ್ಟು ಬಿದ್ದಾಗ ಅದೇ ಕೆಚ್ಚು ಪ್ರಾಣಕ್ಕೆ ಎರವಾಗಬಹುದು. ಈ ತಿಳಿವಳಿಕೆಯನ್ನು ಸಮಗ್ರವಾಗಿ ಶಾಸನರೂಪಕ್ಕೆ ತಂದ ಕೀರ್ತಿ ಅಮೆರಿಕ ಸಂಯುಕ್ತ ಸಂಸ್ಥಾನದ ವಾಷಿಂಗ್ಟನ್ ರಾಜ್ಯಕ್ಕೆ ಸಲ್ಲುತ್ತದೆ. 2009ರ ಮೇ ತಿಂಗಳಿನಲ್ಲಿ ಗವರ್ನರ್ ಕ್ರಿಸ್ಟೀನ್ ಗ್ರೆಗೊಯರ್ ಅವರ ಅಂಕಿತ ಪಡೆದ ಈ ಶಾಸನವು ಜ್ಯಾಕರಿ ಲೈಸ್ಟೆಟ್ ಎಂಬ ಬಾಲಕನ ಹೆಸರಿನಿಂದ ಪ್ರಸಿದ್ಧವಾಗಿದೆ.

2006ರ ಅಕ್ಟೋಬರಿನಲ್ಲಿ, ತನ್ನ 13ನೆಯ ವಯಸ್ಸಿನಲ್ಲಿ, ಈ ಬಾಲಕನು ಅಮೆರಿಕನ್ ಫುಟ್‌ಬಾಲ್ ಪಂದ್ಯವೊಂದರಲ್ಲಿ ಎದುರಾಳಿಯನ್ನು ತಡೆಯಹೋಗಿ ಬಿದ್ದನು. ತಲೆ ನೆಲಕ್ಕೆ ಬಡಿಯಿತು. ಸ್ವಲ್ಪ ಹೊತ್ತು ಹೊರಗೆ ಕುಳಿತಿದ್ದು ಪಂದ್ಯದ ಉತ್ತರಾರ್ಧದಲ್ಲಿ ಮತ್ತೆ ಕಣಕ್ಕಿಳಿದನು. ಆಟ ಮುಗಿದೊಡನೆ ಕುಸಿದುಬಿದ್ದನು. ಮಿದುಳಿನ ಬಾವಿನ ಒತ್ತಡವನ್ನು ತಗ್ಗಿಸಲು ಶಸ್ತ್ರವೈದ್ಯರು ತಲೆಬುರುಡೆಯ ಎರಡು ಪಕ್ಕಗಳ ಮೂಳೆಯನ್ನೂ ತೆಗೆಯಬೇಕಾಯಿತು. ಅವನ ಬಾಯಿಂದ ಮೊದಲ ಮಾತು ಹೊರಡಲು ಒಂಬತ್ತು ತಿಂಗಳು ಹಿಡಿಯಿತು.

ವೈದ್ಯರು ಕನ್‌ಕಷನ್ ಎಂದು ಕರೆಯುವ ಈ ಗಾಯದ ಸ್ವರೂಪವನ್ನು ತಿಳಿಯದೆ ಶಾಸನದ ಅರ್ಥವಾಗದು. ಬುರುಡೆಯೊಳಗೆ ದ್ರವದ ನಡುವೆ ಇರುವ ಮಿದುಳು ರಭಸದ ಪೆಟ್ಟಿನಿಂದ ಕದಲಿದಾಗ ಅದರ ಜೀವಕೋಶಗಳ ರಾಸಾಯನಿಕ ಸಮತೋಲ ಕೆಡುತ್ತದೆ. ರಕ್ತಸ್ರಾವ, ಮೂಳೆಯ ಬಿರುಕುಗಳನ್ನು ತೋರಿಸುವ ಸ್ಕ್ಯಾನ್ ಚಿತ್ರದಲ್ಲಿ ಇದು ಸಾಮಾನ್ಯವಾಗಿ ಕಾಣುವುದಿಲ್ಲ. ಪೆಟ್ಟು ತಿಂದವರಲ್ಲಿ ಬಹುಮಂದಿಗೆ ಪ್ರಜ್ಞೆಯೂ ತಪ್ಪುವುದಿಲ್ಲ. ತಲೆನೋವು, ತಲೆಸುತ್ತು, ವಾಕರಿಕೆ, ಮಂಕು, ಮರೆವು ಇವೇ ಲಕ್ಷಣಗಳು. ಅವೂ ಕೆಲವೊಮ್ಮೆ ಗಂಟೆಗಳ ತರುವಾಯ ಕಾಣಿಸಿಕೊಳ್ಳುತ್ತವೆ. ಶಿರಸ್ತ್ರಾಣವು ಬುರುಡೆ ಒಡೆಯದಂತೆ ಕಾಯಬಲ್ಲುದೇ ಹೊರತು ಒಳಗಿನ ಮಿದುಳು ಕದಲುವುದನ್ನು ಪೂರ್ಣವಾಗಿ ತಡೆಯಲಾರದು. ಮೊದಲ ಗಾಯ ಮಾಯುವ ಮುನ್ನ ಎರಡನೆಯ ಪೆಟ್ಟು ಬಿದ್ದರೆ, ಅದು ಲಘುವಾದುದೇ ಆಗಿದ್ದರೂ, ಮಿದುಳು ಹಠಾತ್ತನೆ ಬಾತು ಸಾವು ಸಂಭವಿಸಬಹುದು. 1984ರಲ್ಲಿ ವೈದ್ಯಕೀಯ ಬರವಣಿಗೆಯಲ್ಲಿ ಹೆಸರು ಪಡೆದ ಈ ದುರಂತ ಅಪರೂಪದ್ದು; ಆದರೆ ಅದಕ್ಕೆ ತುತ್ತಾದವರು ಹೆಚ್ಚಾಗಿ ಎಳೆಯರೇ.

ಶಾಸನದ ಮುಖ್ಯ ವಿಧಿಗಳು ಮೂರು. ಮೊದಲನೆಯದಾಗಿ, ಪ್ರತಿ ವರ್ಷವೂ ಆಟ ಆರಂಭವಾಗುವ ಮೊದಲು ಆಟಗಾರನೂ ಅವನ ತಂದೆತಾಯಿಯರೂ ಈ ಗಾಯವನ್ನು ಕುರಿತ ತಿಳಿವಳಿಕೆ ಪತ್ರವನ್ನು ಓದಿ ಸಹಿ ಹಾಕತಕ್ಕದ್ದು. ಎರಡನೆಯದಾಗಿ, ಅಭ್ಯಾಸದಲ್ಲಾಗಲಿ ಪಂದ್ಯದಲ್ಲಾಗಲಿ ಇಂಥ ಗಾಯವಾಗಿದೆಯೆಂಬ ಸಂದೇಹ ಬಂದ ಕೂಡಲೇ ಆಟಗಾರನನ್ನು ಹೊರಗೆ ಕರೆಯತಕ್ಕದ್ದು. ಮೂರನೆಯದಾಗಿ, ಈ ವಿಷಯದಲ್ಲಿ ತರಬೇತಿ ಪಡೆದ ಅಧಿಕೃತ ಚಿಕಿತ್ಸಕರ ಲಿಖಿತ ಅನುಮತಿಯಿಲ್ಲದೆ ಅವನನ್ನು ಮತ್ತೆ ಆಡಗೊಡಕೂಡದು.

ಇವುಗಳಲ್ಲಿ 'ಸಂದೇಹ' ಎಂಬ ಮಾತೇ ಶಾಸನದ ಜೀವಾಳ. ಗಾಯವನ್ನು ಸಿದ್ಧಪಡಿಸುವ ಹೊಣೆ ತರಬೇತುದಾರನದಲ್ಲ; ಶಂಕೆಯೊಂದೇ ಸಾಕು. ಮರಳಿಸುವ ಅಧಿಕಾರವಾದರೋ ಅವನಿಗೆ ಇಲ್ಲವೇ ಇಲ್ಲ. ಬ್ಯಾಂಕುಗಳಲ್ಲಿ ವೋಚರನ್ನು ಬರೆದ ಗುಮಾಸ್ತನೇ ಅದನ್ನು ಪಾಸು ಮಾಡಕೂಡದೆಂಬ ಕಟ್ಟಳೆಯುಂಟು. ಗುಮಾಸ್ತನು ಅಪ್ರಾಮಾಣಿಕನೆಂಬ ಭಾವನೆ ಇದರ ಹಿಂದಿಲ್ಲ. ತನ್ನ ಬರಹದ ತಪ್ಪು ತನಗೇ ಕಾಣುವುದು ಕಷ್ಟವೆಂಬ ಅನುಭವವಿದೆ. ಗೆಲುವಿಗಾಗಿ ತವಕಿಸುವ ತರಬೇತುದಾರ, ತಂಡದಲ್ಲಿ ಸ್ಥಾನ ತಪ್ಪೀತೆಂದು ನೋವನ್ನು ನುಂಗುವ ಹುಡುಗ, ಮಗನ ಆಟ ನೋಡಲು ಬಂದ ತಂದೆ, ಈ ಮೂವರಿಗೂ ಫಲಿತಾಂಶದಲ್ಲಿ ಆಸಕ್ತಿಯಿದೆ. ಆ ಆಸಕ್ತಿಯಿಲ್ಲದವರ ಕೈಗೆ ನಿರ್ಣಯವನ್ನು ಒಪ್ಪಿಸಿದ್ದು ಈ ಶಾಸನದ ವಿವೇಕ.

2014ರ ವೇಳೆಗೆ ಅಮೆರಿಕದ 50 ರಾಜ್ಯಗಳೂ ಇಂಥ ಶಾಸನಗಳನ್ನು ಮಾಡಿದ್ದವು. ಪರಿಣಾಮವನ್ನು ಅಳೆಯುವಲ್ಲಿ ಎಚ್ಚರ ಬೇಕು. ಪ್ರೌಢಶಾಲೆಗಳ ಹನ್ನೊಂದು ವರ್ಷಗಳ ದಾಖಲೆಗಳನ್ನು ಪರಿಶೀಲಿಸಿ 2017ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಶಾಸನ ಬಂದ ಮೇಲೆ ವರದಿಯಾದ ಗಾಯಗಳ ಪ್ರಮಾಣ ಮೊದಲು ಏರಿತು. ಸುಮಾರು ಎರಡೂವರೆ ವರ್ಷಗಳ ತರುವಾಯ ಮರುಗಾಯಗಳ ಪ್ರಮಾಣ ಇಳಿಯಿತು. ಮೊದಲಿನ ಏರಿಕೆಯನ್ನು ಶಾಸನದ ಸೋಲೆಂದು ಎಣಿಸಲಾಗದು. ಹಿಂದೆ ಲೆಕ್ಕಕ್ಕೆ ಸಿಗದಿದ್ದುದು ಪುಸ್ತಕಕ್ಕೆ ಏರಿದರೂ ಅಂಕಿ ಬೆಳೆಯುತ್ತದೆ.

ಹಾಗೆಂದು ಶಾಸನ ಪರಿಪೂರ್ಣವೆನ್ನುವಂತಿಲ್ಲ. ವಾಷಿಂಗ್ಟನ್ ಶಾಸನದಲ್ಲಿ ವಿಧಿಯನ್ನು ಮೀರಿದವರಿಗೆ ನಿರ್ದಿಷ್ಟ ದಂಡನೆಯನ್ನು ಹೇಳಿಲ್ಲ. ಗಾಯಗೊಂಡ ವಿದ್ಯಾರ್ಥಿ ಮೈದಾನಕ್ಕೆ ಮರಳುವ ಮೊದಲು ಪಾಠಕ್ಕೆ ಮರಳಬೇಕು; ಮಂಕುಕವಿದ ಮಿದುಳಿಗೆ ಓದೂ ದಣಿವೇ. ತೊಡಗಿನ ಶಾಸನಗಳು ಆಟವನ್ನು ನೋಡಿದಷ್ಟು ತರಗತಿಯನ್ನು ನೋಡಲಿಲ್ಲ. ಇಲಿನಾಯ್ ರಾಜ್ಯ 2015ರಲ್ಲಿ ಈ ಕೊರತೆಯನ್ನು ತುಂಬುವ ವಿಧಿಗಳನ್ನು ತಂದಿತು. ಚಿಕಿತ್ಸಕರು ಸುಲಭವಾಗಿ ದೊರೆಯದ ಬಡ ಶಾಲೆಗಳ ಸಮಸ್ಯೆಯಂತೂ ಕಾಗದದ ಮೇಲೆ ಬಗೆಹರಿಯುವಂಥದಲ್ಲ.

ಕೆನಡಾದ ಒಂಟಾರಿಯೊ ಪ್ರಾಂತದ ಅನುಭವ ಇನ್ನೊಂದು ಮುಖವನ್ನು ತೋರಿಸುತ್ತದೆ. 2013ರ ಮೇ ತಿಂಗಳಿನಲ್ಲಿ ಒಟ್ಟಾವಾದ ರೋವನ್ ಸ್ಟ್ರಿಂಗರ್ ಎಂಬ 17 ವರ್ಷದ ಬಾಲಿಕೆ, ರಗ್ಬಿ ಆಟದಲ್ಲಿ ಕೆಲವೇ ದಿನಗಳ ಅಂತರದಲ್ಲಿ ತಲೆಗೆ ಮೇಲಿಂದಮೇಲೆ ಪೆಟ್ಟು ತಿಂದು ಮರಣ ಹೊಂದಿದಳು. ತನಗೆ ಗಾಯವಾಗಿರಬಹುದೆಂಬ ಶಂಕೆಯನ್ನು ಅವಳು ಗೆಳತಿಯರಿಗೆ ಬರೆದು ತಿಳಿಸಿದ್ದಳು. ಅದು ಹಿರಿಯರ ಕಿವಿಗೆ ಬೀಳಲಿಲ್ಲ. ಮರಣ ವಿಚಾರಣೆಯ ಜ್ಯೂರಿ 2015ರಲ್ಲಿ 49 ಶಿಫಾರಸುಗಳನ್ನು ಮಾಡಿತು. 2018ರಲ್ಲಿ ಅವಳ ಹೆಸರಿನ ಶಾಸನ ಅಂಗೀಕೃತವಾಯಿತು. ವಾರ್ಷಿಕ ತಿಳಿವಳಿಕೆ ಪತ್ರ ಬರಿಯ ಔಪಚಾರಿಕ ಸಹಿಯಲ್ಲವೆಂಬುದು ಈ ಪ್ರಕರಣದಿಂದ ಸ್ಪಷ್ಟವಾಗುತ್ತದೆ. ಮಗುವಿಗೆ ತಿಳಿದುದು ಮನೆಗೂ ಶಾಲೆಗೂ ತಿಳಿಯುವ ದಾರಿಯೊಂದು ಇರಬೇಕು.

ಭಾರತದ ಸಂವಿಧಾನದಲ್ಲಿಯೂ ಕ್ರೀಡೆ ರಾಜ್ಯಪಟ್ಟಿಗೆ, 33ನೆಯ ಬಾಬಿಗೆ, ಸೇರಿದ ವಿಷಯ. ಆದುದರಿಂದ ಅಮೆರಿಕದಂತೆ ಒಂದೊಂದು ರಾಜ್ಯವೂ ಮುಂದಾಗಿ ದಾರಿ ತೋರಲು ಇಲ್ಲಿಯೂ ಅವಕಾಶವುಂಟು. ಕಬಡ್ಡಿಯ ಅಂಕಣದಲ್ಲಿ ತಲೆ ನೆಲಕ್ಕೆ ಬಡಿದರೂ, ಕ್ರಿಕೆಟ್ ಚೆಂಡು ಹಣೆಗೆ ತಗುಲಿದರೂ ಮಿದುಳಿಗಾಗುವ ಗಾಯ ಒಂದೇ. ಶಾಸನ ಬರುವವರೆಗೆ ಕಾಯದೆ ಯಾವ ಶಾಲೆಯಾದರೂ ಇಂದೇ ಕೈಗೊಳ್ಳಬಹುದಾದ ನಿಯಮವೊಂದಿದೆ: ಸಂದೇಹ ಬಂದ ದಿನ ಆ ಮಗು ಮತ್ತೆ ಆಡಕೂಡದು. ಅದಕ್ಕೆ ತಗಲುವ ವೆಚ್ಚ ಹೆಚ್ಚೆಂದರೆ ಒಂದು ಪಂದ್ಯದ ಸೋಲು.