ಸಿಲೆದಾರನ ಕುದುರೆ, ಲ್ಯಾನ್ಸರನ ಪದಕ

ಮಧುಗಿರಿಯ ಏಕಶಿಲೆಯ ಬೆಟ್ಟವನ್ನು ಕಂಡವರಿಗೆ ಕೋಟೆ ನೆನಪಾಗುತ್ತದೆಯೇ ಹೊರತು ಕುದುರೆ ನೆನಪಾಗುವುದಿಲ್ಲ. ಪಾವಗಡ, ಕೊರಟಗೆರೆಗಳ ಮಾತೂ ಅಷ್ಟೆ; ಅಲ್ಲಿಯ ಕತೆಗಳೆಲ್ಲ ಪಾಳೆಯಗಾರರವು, ಬುರುಜುಗಳವು. ಗಿರಿದುರ್ಗವನ್ನು ಕಾಯುವವನು ಕಾಲಾಳು. ಆದರೆ ಈ ಬೆಟ್ಟಗಳ ನಡುವೆ ಹರಡಿರುವ ಬಯಲನ್ನು ಹಿಡಿತದಲ್ಲಿಟ್ಟುಕೊಂಡವನು ರಾವುತ. ಆ ಬಯಲಿನ ರಾಜಧಾನಿ ಶಿರಾ.

1638ರ ಸುಮಾರಿಗೆ ಬಿಜಾಪುರದ ರಣದುಲ್ಲಾ ಖಾನನ ಸೇನೆ ಶಿರಾವನ್ನು ಹಿಡಿಯಿತು. ಶಿವಾಜಿಯ ತಂದೆ ಷಹಾಜಿಗೆ ದೊರೆತ ಜಹಗೀರಿನಲ್ಲಿ ಬೆಂಗಳೂರು, ಕೋಲಾರಗಳೊಡನೆ ಶಿರಾವೂ ಸೇರಿದ್ದಿತು. 1687ರಲ್ಲಿ ಮೊಗಲರು ಬಂದು ಅದನ್ನೇ ಸುಬಾದ ಕೇಂದ್ರವಾಗಿ ಮಾಡಿಕೊಂಡರು. ಅನಂತರ ಮರಾಠರು, 1761ರಲ್ಲಿ ಹೈದರಾಲಿ, ಮತ್ತೆ ಮರಾಠರು, ಮತ್ತೆ 1774ರಲ್ಲಿ ಟಿಪ್ಪು. ಹೈದರನಿಗೆ ನವಾಬ ಪದವಿ ದೊರೆತದ್ದೂ ಶಿರಾದ ಹೆಸರಿನಲ್ಲಿಯೇ. ಒಂದು ಊರು ಇಷ್ಟು ಬಾರಿ ಕೈ ಬದಲಾಯಿಸಿದುದು ಕುದುರೆಯ ಬಲದಿಂದ. ಗೆದ್ದವರೆಲ್ಲರೂ ತಮ್ಮ ಸವಾರರನ್ನು ಕರೆತಂದರು. ಸೋತವರ ಸವಾರರಲ್ಲಿ ಹಲವರು ಇಲ್ಲಿಯೇ ಉಳಿದರು. ಟಿಪ್ಪುವಿನ ಕಾಲದಲ್ಲಿ ಶ್ರೀರಂಗಪಟ್ಟಣದ ಗಂಜಾಮನ್ನು ತುಂಬಲು ಶಿರಾದಿಂದ 12,000 ಮನೆಗಳವರನ್ನು ಸಾಗಿಸಲಾಯಿತೆಂದು ಗೆಜೆಟಿಯರು ಹೇಳುತ್ತದೆ. ಪಟ್ಟಣ ಬರಿದಾದರೂ ಬಯಲುಸೀಮೆಯಲ್ಲಿ ಕುದುರೆಯ ಕಸುಬು ಬರಿದಾಗಲಿಲ್ಲ.

ಆ ಕಸುಬಿನ ಹೆಸರು ಸಿಲೆದಾರಿ. ಪಾರಸಿಯಲ್ಲಿ ಆಯುಧಧಾರಿ ಎಂಬರ್ಥದ ಮಾತು ಕನ್ನಡದ ನಾಲಗೆಯಲ್ಲಿ ಸಿಲೆದಾರನೆಂದಾಯಿತು. ಇವನು ಸರಕಾರದ ಕುದುರೆಯನ್ನು ಏರಿದವನಲ್ಲ. ಕುದುರೆ ಅವನದು, ಜೀನು ಅವನದು, ಭರ್ಜಿ ಅವನದು, ಮೇವಿನ ಖರ್ಚೂ ಅವನದು. ಇಷ್ಟಕ್ಕೂ ಸೇರಿ ತಿಂಗಳ ಸಂಬಳ. ಅನುಕೂಲಸ್ಥನಾದವನು ಎರಡು ಮೂರು ಕುದುರೆಗಳನ್ನು ಕಟ್ಟಿ, ಬೇರೆಯವರನ್ನು ಅವುಗಳ ಮೇಲೆ ಕೂರಿಸಿ ದಂಡಿಗೆ ಕಳುಹಿಸುತ್ತಿದ್ದನು. ಹಾಗೆ ಪರರ ಕುದುರೆ ಏರಿದವನು ಬಾರ್ಗೀರ. ಮೈಸೂರಿನ ಸಿಲೆದಾರ ದಂಡಿನಲ್ಲಿ ಮುಸಲ್ಮಾನರೂ ಮರಾಠರೂ ಹೆಚ್ಚಾಗಿದ್ದರು.

ಇಂಗ್ಲಿಷ್ ಅಧಿಕಾರಿಗಳು ಸಿಲೆದಾರನನ್ನು ಕುರಿತು ಒಂದು ದೂರನ್ನು ಮತ್ತೆ ಮತ್ತೆ ಹೇಳುತ್ತಿದ್ದರು: ಅವನು ಕೊಳ್ಳೆಗೆ ಮುಂದು, ನೇರ ದಾಳಿಗೆ ಹಿಂದು. ಈ ದೂರಿನಲ್ಲಿ ಅರ್ಧವಷ್ಟೇ ನ್ಯಾಯವಿದೆ. ಯುದ್ಧದಲ್ಲಿ ಕುದುರೆ ಸತ್ತರೆ ಸಿಲೆದಾರನ ಸಂಬಳ ನಿಂತಿತು, ಮನೆಯ ಆಸ್ತಿಯೂ ಹೋಯಿತು. ಉಳುವವನ ಜೋಡೆತ್ತನ್ನು ತೋಪಿನ ಬಾಯಿಗೆ ಒಡ್ಡೆಂದರೆ ಅವನೂ ಒಂದು ಗಳಿಗೆ ಯೋಚಿಸುವನಷ್ಟೆ!

ಯೋಚಿಸುತ್ತಲೇ ಅವರು ಬಹುದೂರ ಸವಾರಿ ಮಾಡಿದರು. 1803ರಲ್ಲಿ ಆರ್ಥರ್ ವೆಲ್ಲೆಸ್ಲಿ ಮರಾಠರ ಮೇಲೆ ಹೊರಟಾಗ ಮೈಸೂರಿನ ಸುಮಾರು 2,400 ಸವಾರರು ಅವನೊಡನಿದ್ದರು. 1807ರ ಒಪ್ಪಂದವು 4,000 ಸವಾರರ ದಂಡನ್ನು ಸಿದ್ಧವಾಗಿಡುವ ಹೊಣೆಯನ್ನು ಮೈಸೂರು ಅರಸರಿಗೆ ಹೊರಿಸಿತು. 1817ರ ಡಿಸೆಂಬರ್ 21ರಂದು ಹೋಳ್ಕರನ ಸೇನೆ ಮುರಿದುಬಿದ್ದ ಮಹೀದ್‌ಪುರದ ಕಾಳಗದಲ್ಲಿಯೂ ಮೈಸೂರಿನ ಕುದುರೆಗಳಿದ್ದುವು. ಈ ಯುದ್ಧಗಳಿಗೆ ಪದಕವನ್ನು ಕೊಡಬೇಕೆಂದು ಬ್ರಿಟಿಷರಿಗೆ ತೋರಿದುದು 1851ರಲ್ಲಿ. ಅದೂ ಬದುಕಿ ಉಳಿದವರಿಗೆ ಮಾತ್ರ. 1803ರಲ್ಲಿ ಇಪ್ಪತ್ತರ ಯುವಕನಾಗಿದ್ದವನಿಗೆ ಆ ಹೊತ್ತಿಗೆ ಅರವತ್ತೆಂಟು!

ಶತಮಾನ ಮುಗಿಯುವ ಹೊತ್ತಿಗೆ ಪದ್ಧತಿಯೇ ಬದಲಾಯಿತು. 1889ರಲ್ಲಿ ಆರಂಭವಾದ ಇಂಪೀರಿಯಲ್ ಸರ್ವಿಸ್ ಯೋಜನೆಯಂತೆ ಹಳೆಯ ಸಿಲೆದಾರ ದಂಡಿನಿಂದ ಮೈಸೂರು ಲ್ಯಾನ್ಸರ್ಸ್ ದಳ ರೂಪುಗೊಂಡಿತು. ಈಗ ಕುದುರೆ ಸಂಸ್ಥಾನದ್ದು. ಸತ್ತರೆ ನಷ್ಟ ಅರಮನೆಯದು, ಸವಾರನ ಮನೆಯದಲ್ಲ. ಭಾರತದ ಬ್ರಿಟಿಷ್ ಸೇನೆ ಈ ಪಾಠವನ್ನು ಕಲಿಯಲು ಮಹಾಯುದ್ಧವೇ ಬೇಕಾಯಿತು. ಅಲ್ಲಿ ಸಿಲೆದಾರಿ ಪದ್ಧತಿ ರದ್ದಾದುದು 1921ರಲ್ಲಿ.

1914ರ ಅಕ್ಟೋಬರಿನಲ್ಲಿ ದಳ ಬೆಂಗಳೂರನ್ನು ಬಿಟ್ಟಿತು. ನಾಲ್ವಡಿ ಕೃಷ್ಣರಾಜ ಒಡೆಯರು ಯುದ್ಧಕ್ಕೆಂದು 50 ಲಕ್ಷ ರೂಪಾಯಿ ಕೊಟ್ಟಿದ್ದರು. ಮೊದಲು ಸೂಯೆಜ್ ಕಾಲುವೆಯ ಕಾವಲು, ಬಳಿಕ ಗಾಜಾದ ಮರಳು, ಜೋರ್ಡನ್ ಕಣಿವೆಯ ಬೇಗೆ. ಬಯಲುಸೀಮೆಯ ಬಿಸಿಲಿಗೆ ಪಳಗಿದವರಿಗೂ ಆ ಕಣಿವೆ ಸಮುದ್ರಮಟ್ಟಕ್ಕಿಂತ ಕೆಳಗಿನ ಕುಲುಮೆಯಾಗಿದ್ದಿರಬೇಕು.

ಹೈಫಾ ಬಂದರಿನ ಕತೆಯನ್ನು ಈಚೆಗೆ ಅನೇಕರು ಕೇಳಿದ್ದಾರೆ. 1918ರ ಸೆಪ್ಟೆಂಬರ್ 22ರಂದು ಕವಚದ ಮೋಟಾರುಗಳು ಊರೊಳಗೆ ನುಗ್ಗಲೆತ್ನಿಸಿ ಗುಂಡಿನ ಮಳೆಗೆ ಹಿಂದಿರುಗಿದ್ದುವು. ಮರುದಿನ ಅದೇ ಕೆಲಸ ಕುದುರೆಗಳ ಪಾಲಿಗೆ ಬಂದಿತು. ಒಂದು ಕಡೆ ಕಾರ್ಮೆಲ್ ಪರ್ವತದ ಇಳಿಜಾರು, ಇನ್ನೊಂದು ಕಡೆ ಕಿಷೋನ್ ಹೊಳೆ; ಹೊಳೆಯ ದಡದಲ್ಲಿ ಕುದುರೆಯನ್ನು ನುಂಗುವ ಉಸುಬು. ಜೋಧಪುರದ ದಳ ನಡುವಿನ ದಾರಿಯಲ್ಲಿ ನುಗ್ಗಿತು; ಅದರ ನಾಯಕ ದಲಪತ್ ಸಿಂಗ್ ಮಡಿದನು. ಕರ್ನಲ್ ಚಾಮರಾಜ ಅರಸ್ ಬಹಾದ್ದೂರರ ಮೈಸೂರು ದಳದಲ್ಲಿ ಒಂದು ತುಕಡಿ ಅದಕ್ಕೆ ಮೊದಲೇ ಕಡಿದಾದ ಕಾಲುದಾರಿಯಿಂದ ಕಾರ್ಮೆಲ್ ಏರಿದ್ದಿತು. ಏರುವಷ್ಟರಲ್ಲಿ ಕುದುರೆಗಳು ಕುಂಟಿ, ಜನ ಹಿಂದುಳಿದು, ಕೊನೆಯ ದಾಳಿಗೆ ಉಳಿದವರು ಹದಿನೈದರ ಆಸುಪಾಸು. ಅವರೇ ಮೇಲಿನ ಫಿರಂಗಿಗಳನ್ನು ಹಿಡಿದರು. ಆ ಫಿರಂಗಿಗಳು ಮಾತನಾಡುತ್ತಲೇ ಇದ್ದಿದ್ದರೆ ಕೆಳಗಿನ ದಾಳಿ ಏನಾಗುತ್ತಿತ್ತೋ! ಮೈಸೂರಿನ ಉಳಿದ ತುಕಡಿಗಳು ಜೋಧಪುರದವರ ಬೆನ್ನಿಗೇ ಊರನ್ನು ಹೊಕ್ಕವು. ಸಂಜೆಯ ಹೊತ್ತಿಗೆ 1,350 ಮಂದಿ ಸೆರೆ, 17 ಫಿರಂಗಿಗಳು ವಶ.

ಹರಿತಾನಿನ ಹೆಸರನ್ನು ಕೇಳಿದವರು ಕಡಮೆ. ಅಲೆಪ್ಪೊ ನಗರದ ಉತ್ತರಕ್ಕಿರುವ ಹಳ್ಳಿ ಅದು. ಅಕ್ಟೋಬರ್ 26ರಂದು ಮೈಸೂರು, ಜೋಧಪುರ ದಳಗಳು ಅಲ್ಲಿ ಹಿಮ್ಮೆಟ್ಟುತ್ತಿದ್ದ ತುರ್ಕರ ಮೇಲೆ ಬಿದ್ದುವು. ಎದುರಾಳಿಗಳು ಎಣಿಸಿದುದಕ್ಕಿಂತ ಬಹಳ ಹೆಚ್ಚಾಗಿದ್ದರು. ದಾಳಿ ಮುರಿಯಿತು, ಎಂಬತ್ತರಷ್ಟು ಜನ ಸತ್ತರು ಅಥವಾ ಗಾಯಗೊಂಡರು. ಐದೇ ದಿನಕ್ಕೆ, ಅಕ್ಟೋಬರ್ 31ಕ್ಕೆ, ತುರ್ಕಿಯೊಡನೆ ಕದನವಿರಾಮ ಜಾರಿಗೆ ಬಂದಿತು. ನಾಲ್ಕು ವರ್ಷ ಗುಂಡನ್ನು ತಪ್ಪಿಸಿಕೊಂಡವನು ಕೊನೆಯ ಐದು ದಿನಗಳನ್ನು ತಪ್ಪಿಸಿಕೊಳ್ಳಲಾರದೆ ಹೋದನು. ಹೈಫಾದ ನೆನಪಿಗೆ ದೆಹಲಿಯ ತೀನ್ ಮೂರ್ತಿ ಚೌಕವಿದೆ, 2018ರಲ್ಲಿ ಅದಕ್ಕೆ ಹೈಫಾದ ಹೆಸರನ್ನೂ ಸೇರಿಸಲಾಯಿತು. ಹರಿತಾನಿಗೆ ಅಂಥ ಚೌಕವಿಲ್ಲ.

ದಳ ಬೆಂಗಳೂರಿಗೆ ಮರಳಿದುದು 1920ರ ಫೆಬ್ರುವರಿಯಲ್ಲಿ. ಬಳಿಕ ಪದಕಗಳು ಬಂದುವು. ಶೌರ್ಯಕ್ಕೆಂದೇ ಇದ್ದ ಪದಕಗಳು ಕೆಲವರಿಗೆ ಮಾತ್ರ: 1837ರಿಂದ ನಡೆದುಬಂದ ಇಂಡಿಯನ್ ಆರ್ಡರ್ ಆಫ್ ಮೆರಿಟ್, 1907ರ ಇಂಡಿಯನ್ ಡಿಸ್ಟಿಂಗ್ವಿಷ್ಡ್ ಸರ್ವಿಸ್ ಮೆಡಲ್. ಬಹುಕಾಲ ಸೇವೆ ಸಲ್ಲಿಸಿದ ಭಾರತೀಯ ಅಧಿಕಾರಿಗೆ ಆರ್ಡರ್ ಆಫ್ ಬ್ರಿಟಿಷ್ ಇಂಡಿಯಾ ದೊರೆತರೆ ಹೆಸರಿನ ಮುಂದೆ ‘ಬಹಾದ್ದೂರ್’ ಸೇರುತ್ತಿತ್ತು. ಸಾಮಾನ್ಯ ಸವಾರನ ಪಾಲಿಗೆ ಬರುತ್ತಿದ್ದುವು ಮೂರು: ಕಂಚಿನ ನಕ್ಷತ್ರ, ಬೆಳ್ಳಿಯ ಯುದ್ಧಪದಕ, ಕಾಮನಬಿಲ್ಲಿನ ಬಣ್ಣದ ಪಟ್ಟಿಯ ವಿಜಯಪದಕ. ಇಂಗ್ಲೆಂಡಿನ ಜನ ಈ ಮೂರನ್ನೂ ಒಂದು ದಿನಪತ್ರಿಕೆಯ ಚಿತ್ರಕಥೆಯ ನಾಯಿ, ಪೆಂಗ್ವಿನ್, ಮೊಲಗಳ ಹೆಸರಿನಿಂದ ಕರೆದು ನಗುತ್ತಿದ್ದರು! ನಕ್ಷತ್ರದಲ್ಲಿಯೂ ಎರಡು ಬಗೆ. 1914ರಲ್ಲಿಯೇ ಫ್ರಾನ್ಸ್, ಬೆಲ್ಜಿಯಂಗಳಲ್ಲಿ ಹೋರಾಡಿದವರದು ಬೇರೆ. ಮೈಸೂರಿನವರು ಅದೇ ವರ್ಷ ಹೊರಟರೂ ಈಜಿಪ್ಟಿಗೆ ಹೋದುದರಿಂದ ಅವರದು ‘1914-15’ ಎಂದು ಬರೆದ ನಕ್ಷತ್ರ.

ಬೆಳ್ಳಿಯ ಪದಕದ ಒಂದು ಮುಖದಲ್ಲಿ ಐದನೆಯ ಜಾರ್ಜ್. ಇನ್ನೊಂದು ಮುಖದಲ್ಲಿ ಕುದುರೆ ಏರಿದ ದಿಗಂಬರ ವೀರ, ಗೊರಸಿನಡಿಯಲ್ಲಿ ಶತ್ರುವಿನ ಹದ್ದಿನ ಗುರಾಣಿ. ನಿಜವಾದ ಸವಾರನಿಗೆ ಸಂದುದರಲ್ಲಿ ಇದೊಂದಾದರೂ ಒಪ್ಪುವ ಚಿತ್ರ. ಆದರೆ ಕುದುರೆಗೆ ಹುಲ್ಲು ಹಾಕಿದ, ಗುಂಡಿನ ನಡುವೆ ನೀರು ಹೊತ್ತ ಸಾಯಿಸನಿಗೆ ಈ ಬೆಳ್ಳಿ ಸಲ್ಲಲಿಲ್ಲ. ದಂಡಿನ ಹಿಂಬಾಲಕರಿಗೆಂದು ಅದೇ ಅಚ್ಚಿನಲ್ಲಿ ಕಂಚಿನ ಪದಕವನ್ನು ಎರಕ ಹೊಯ್ಯಲಾಯಿತು. ಎಲ್ಲ ದೇಶಗಳವರಿಗೂ ಸೇರಿ ಅಂಥವು ಸುಮಾರು 1,10,000. ಈ ಭೇದವನ್ನು ಯಾರು ಯೋಚಿಸಿದರೋ, ಅವರು ಎಂದೂ ಕುದುರೆಯ ಮೈ ತಿಕ್ಕಿದವರಾಗಿರಲಾರರು. ವಿಚಿತ್ರವೆಂದರೆ ಬರಗಾಲದಲ್ಲಿ, ಮಗಳ ಮದುವೆಯಲ್ಲಿ, ಅಕ್ಕಸಾಲೆಯ ಮೂಸೆಗೆ ಬಿದ್ದುವು ಬೆಳ್ಳಿಯವೇ. ಕರಗಿಸಿದರೂ ಕಾಸು ಹುಟ್ಟದ ಕಂಚು ಪೆಟ್ಟಿಗೆಯ ತಳದಲ್ಲಿ ಉಳಿದುಕೊಂಡಿತು.

ಮೈಸೂರು ಲ್ಯಾನ್ಸರ್ಸ್ ಈಗಿಲ್ಲ. 1953ರಲ್ಲಿ ಗ್ವಾಲಿಯರ್, ಜೋಧಪುರ ಮೊದಲಾದ ಸಂಸ್ಥಾನಗಳ ರಾವುತರೊಡನೆ ಬೆರೆತು ಅದು ಜೈಪುರದ ಹೊಸ ದಳದಲ್ಲಿ ಸೇರಿಹೋಯಿತು. ಆ ದಳವೇ 61ನೆಯ ಕ್ಯಾವಲ್ರಿ ಎನಿಸಿಕೊಂಡಿತು. ಮಡಿದವರ ಹೆಸರುಗಳನ್ನು ಬೆಂಗಳೂರಿನ ಜಯಚಾಮರಾಜೇಂದ್ರ ನಗರದ ಸ್ಮಾರಕದಲ್ಲಿ ಓದಬಹುದು. ಬದುಕಿ ಬಂದವರ ಹೆಸರು ಉಳಿದಿರುವುದು ಪದಕಗಳಲ್ಲಿ. ಆದರೆ ಪದಕದಲ್ಲಿ ಕೆತ್ತಿರುವುದು ಸಂಖ್ಯೆ, ದರ್ಜೆ, ಹೆಸರು, ದಳ ಇಷ್ಟೆ, ಊರಿನ ಹೆಸರಿಲ್ಲ. ಸವಾರ ಶಿರಾದವನೋ ಮಧುಗಿರಿಯವನೋ ಪದಕ ಹೇಳದು. ಮನೆಯ ಹಿರಿಯರೇ ಹೇಳಬೇಕು.

ಆದುದರಿಂದ ಈ ನಾಲ್ಕು ತಾಲ್ಲೂಕುಗಳ ಯಾವುದಾದರೂ ಮನೆಯ ಹಳೆಯ ಪೆಟ್ಟಿಗೆಯಲ್ಲಿ ಅಂಥದೊಂದು ಬಿಲ್ಲೆ ಸಿಕ್ಕಿದರೆ, ಹುಣಿಸೆಹಣ್ಣು ಹಾಕಿ ತಿಕ್ಕಬಾರದು. ಅಕ್ಷರಗಳಿರುವುದು ದುಂಡು ಪದಕದ ಅಂಚಿನಲ್ಲಿ, ನಕ್ಷತ್ರದ ಬೆನ್ನಿನಲ್ಲಿ. ತಿಕ್ಕಿದಷ್ಟೂ ಅವು ಸವೆಯುತ್ತವೆ. ಒಣಬಟ್ಟೆಯಿಂದ ಒರೆಸಿ, ಬೆಳಕಿಗೆ ಓರೆಯಾಗಿ ಹಿಡಿದರೆ ಹೆಸರು ಕಾಣುತ್ತದೆ. ಅದನ್ನು ಒಂದು ಕಾಗದದ ಮೇಲೆ ಬರೆದು, ಪಕ್ಕದಲ್ಲಿ ಊರಿನ ಹೆಸರನ್ನೂ ಬರೆದಿಡುವುದು ಒಳ್ಳೆಯದು.