ಅಂಕ ಕಡಿಮೆ ಬಂದವರಿಗೂ ಕಾಕ್‌ಪಿಟ್ ತೆರೆದಿದೆಯೇ?

ದ್ವಿತೀಯ ಪಿಯುಸಿ ಫಲಿತಾಂಶ ಹೊರಬಿದ್ದಾಗ ಹೆಚ್ಚು ಅಂಕ ಬಂದವರ ಮನೆಗಳಲ್ಲಿ ಸಿಇಟಿ ರ್‍ಯಾಂಕಿನ ಲೆಕ್ಕಾಚಾರ ನಡೆದರೆ, ಕಡಿಮೆ ಬಂದವರ ಮನೆಗಳಲ್ಲಿ ಬೇರೆಯದೇ ಚಿಂತೆ. ವಿಜ್ಞಾನ ವಿಭಾಗದಲ್ಲಿ ಶೇ 45ರ ಆಸುಪಾಸಿನಲ್ಲಿ ತೇರ್ಗಡೆಯಾದ ಮಗನೋ ಮಗಳೋ 'ನಾನು ಪೈಲಟ್ ಆಗುತ್ತೇನೆ' ಎಂದರೆ, 'ಈ ಅಂಕಕ್ಕೆ ಯಾವ ಕಾಲೇಜು ಸೀಟು ಕೊಟ್ಟೀತು?' ಎಂಬುದು ತಂದೆತಾಯಿಯರ ಮೊದಲ ಪ್ರಶ್ನೆ. ಉತ್ತರ ಅನೇಕರಿಗೆ ಅಚ್ಚರಿ ತರಬಹುದು. ಸೀಟು ಸಿಗುತ್ತದೆ, ಹಣವಿದ್ದರೆ ಸುಲಭವಾಗಿಯೇ ಸಿಗುತ್ತದೆ. ಆತಂಕ ಪಡಬೇಕಾದ ಸಂಗತಿಗಳು ಆರಂಭವಾಗುವುದು ಆ ನಂತರ.

ಮೊದಲಿಗೆ ನಿಯಮವನ್ನು ನೋಡೋಣ. ಭಾರತದಲ್ಲಿ ವಿಮಾನ ಚಾಲಕರಿಗೆ ಪರವಾನಗಿ ನೀಡುವುದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ. ಸಂಬಳಕ್ಕಾಗಿ ವಿಮಾನ ಹಾರಿಸಲು ಬೇಕಾದ ಕಮರ್ಷಿಯಲ್ ಪೈಲಟ್ ಲೈಸೆನ್ಸ್ ಪಡೆಯಲು 18 ವರ್ಷ ತುಂಬಿರಬೇಕು. ಭೌತಶಾಸ್ತ್ರ ಮತ್ತು ಗಣಿತ ಸಹಿತ ಹನ್ನೆರಡನೇ ತರಗತಿ ತೇರ್ಗಡೆಯಾಗಿರಬೇಕು. ಇಷ್ಟು ಶೇಕಡಾವಾರು ಅಂಕ ಬೇಕೆಂಬ ಷರತ್ತು ಲೈಸೆನ್ಸಿನ ನಿಯಮದಲ್ಲಿ ಇಲ್ಲ. ವಾಣಿಜ್ಯ ಅಥವಾ ಕಲಾ ವಿಭಾಗದಲ್ಲಿ ಓದಿದವರು ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ ಮೂಲಕ ಈ ಎರಡು ವಿಷಯಗಳನ್ನಷ್ಟೇ ಪ್ರತ್ಯೇಕವಾಗಿ ಬರೆದು ಅರ್ಹತೆ ಪಡೆಯುವ ಮಾರ್ಗ ಬಹುಕಾಲದಿಂದ ಬಳಕೆಯಲ್ಲಿದೆ. ವಿಜ್ಞಾನದ ಕಡ್ಡಾಯವನ್ನೇ ಕೈಬಿಡುವ ಪ್ರಸ್ತಾವವೊಂದು 2025ರಲ್ಲಿ ಡಿಜಿಸಿಎ ಮುಂದೆ ಬಂದು ಸುದ್ದಿಯಾಯಿತು. ಪ್ರಸ್ತಾವವನ್ನು ನೆಚ್ಚಿ ಗಣಿತ ಬಿಡುವುದು ಜಾಣತನವಲ್ಲ. ಅದರ ಕಾರಣ ಮುಂದೆ ತಿಳಿಯುತ್ತದೆ.

ಇಲ್ಲೊಂದು ಗೊಂದಲವನ್ನು ನಿವಾರಿಸಬೇಕು. ಎಂಜಿನಿಯರ್ ಆಗಲು ಎಂಜಿನಿಯರಿಂಗ್ ಕಾಲೇಜು ಇರುವಂತೆ ಪೈಲಟ್ ಆಗಲು 'ಪೈಲಟ್ ಕಾಲೇಜು' ಎಂಬುದಿಲ್ಲ. ಇರುವುದು ಡಿಜಿಸಿಎ ಮಾನ್ಯತೆ ಪಡೆದ ಹಾರಾಟ ತರಬೇತಿ ಸಂಸ್ಥೆಗಳು. ಏವಿಯೇಷನ್ ಹೆಸರಿನ ಬಿಬಿಎ ಪದವಿ ವಿಮಾನ ನಿಲ್ದಾಣದ ಆಡಳಿತಕ್ಕೆ ಸಂಬಂಧಿಸಿದ್ದು. ಏರೋನಾಟಿಕಲ್ ಎಂಜಿನಿಯರಿಂಗ್ ವಿಮಾನ ನಿರ್ಮಾಣದ ವಿದ್ಯೆ. ಬಿ.ಎಸ್‌ಸಿ. ಏವಿಯೇಷನ್ ಕೆಲವೆಡೆ ಹಾರಾಟ ತರಬೇತಿಯೊಂದಿಗೆ ಸೇರಿಕೊಂಡಿರುತ್ತದೆ, ಕೆಲವೆಡೆ ಬರೀ ಪಾಠಕ್ಕೆ ಸೀಮಿತ. ಸಮವಸ್ತ್ರ ತೊಟ್ಟ ಹುಡುಗನ ಚಿತ್ರವಿರುವ ಜಾಹೀರಾತನ್ನು ನೋಡಿ ಶುಲ್ಕ ಕಟ್ಟಿ, ಮೂರು ವರ್ಷದ ಬಳಿಕ ಕೈಯಲ್ಲಿ ಪದವಿ ಮಾತ್ರ ಉಳಿದರೆ ದೂರುವುದು ಯಾರನ್ನು? (ಮಾತು ಬಂದದ್ದರಿಂದ ಹೇಳುವುದಾದರೆ, ಏರ್ ಡೆಕ್ಕನ್ ಕಟ್ಟಿದ ಗೊರೂರಿನ ಗೋಪಿನಾಥ್ ಅವರ ಹೆಸರಿನ ಮುಂದಿನ 'ಕ್ಯಾಪ್ಟನ್' ಭೂಸೇನೆಯ ಹುದ್ದೆ, ಕಾಕ್‌ಪಿಟ್ಟಿನದಲ್ಲ.)

ಅಂಕದ ಗೆರೆ ಎಳೆದಿರುವವರು

ಹಾಗಾದರೆ ಅಂಕಕ್ಕೆ ಬೆಲೆಯೇ ಇಲ್ಲವೇ? ಇದೆ. ಉತ್ತರ ಪ್ರದೇಶದ ಫುರ್ಸತ್‌ಗಂಜ್‌ನಲ್ಲಿ 1985ರಲ್ಲಿ ಆರಂಭವಾದ ಇಂದಿರಾ ಗಾಂಧಿ ರಾಷ್ಟ್ರೀಯ ಉಡಾನ್ ಅಕಾಡೆಮಿ ಕೇಂದ್ರ ಸರ್ಕಾರದ ಸಂಸ್ಥೆ. ಅಲ್ಲಿ ಗಣಿತ ಮತ್ತು ಭೌತಶಾಸ್ತ್ರದಲ್ಲಿ ಸಾಮಾನ್ಯ ವರ್ಗಕ್ಕೆ ಶೇ 50, ಮೀಸಲು ವರ್ಗಗಳಿಗೆ ಶೇ 45 ಕನಿಷ್ಠ ಮಿತಿ. ಎತ್ತರ 158 ಸೆಂಟಿಮೀಟರಿಗೆ ಕಡಿಮೆ ಇರಬಾರದು. ಪ್ರವೇಶ ಪರೀಕ್ಷೆ, ಸಂದರ್ಶನ, ಪೈಲಟ್ ಯೋಗ್ಯತಾ ಪರೀಕ್ಷೆಗಳನ್ನು ದಾಟಬೇಕು. ದೊಡ್ಡ ವಿಮಾನಯಾನ ಕಂಪನಿಗಳ ಕೆಡೆಟ್ ಯೋಜನೆಗಳೂ ಶೇ 50ರ ಆಚೀಚೆ ಮಿತಿ ಇಡುವುದುಂಟು. ಅವುಗಳ ವೆಚ್ಚ ಕೋಟಿ ರೂಪಾಯಿಯ ಹತ್ತಿರಕ್ಕೆ ಹೋಗುವುದರಿಂದ ಮಧ್ಯಮ ವರ್ಗದ ಮನೆಗಳಿಗೆ ಅಂಕಕ್ಕಿಂತ ಮೊದಲು ಅದೇ ಅಡ್ಡ ಬರುತ್ತದೆ.

ಸೇನೆಯ ದಾರಿಯನ್ನು ನಮ್ಮಲ್ಲಿ ಅಷ್ಟಾಗಿ ಯೋಚಿಸುವುದಿಲ್ಲ. ಯುಪಿಎಸ್‌ಸಿ ನಡೆಸುವ ಎನ್‌ಡಿಎ ಪರೀಕ್ಷೆಯಲ್ಲಿ ವಾಯುಪಡೆ ಆಯ್ದುಕೊಳ್ಳುವವರು ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದೊಂದಿಗೆ ಹನ್ನೆರಡನೇ ತರಗತಿ ತೇರ್ಗಡೆಯಾಗಿದ್ದರೆ ಸಾಕು. ಶೇಕಡಾವಾರು ಮಿತಿ ಇಲ್ಲ. ಸುಪ್ರೀಂ ಕೋರ್ಟಿನ 2021ರ ಆದೇಶದ ಬಳಿಕ ಹುಡುಗಿಯರಿಗೂ ಈ ಬಾಗಿಲು ತೆರೆದಿದೆ. ಇಲ್ಲಿ ಮನೆಯವರು ತರಬೇತಿಗೆ ಲಕ್ಷಗಳನ್ನು ಸುರಿಯಬೇಕಿಲ್ಲ. ಆದರೆ ಲಿಖಿತ ಪರೀಕ್ಷೆಯ ಸ್ಪರ್ಧೆ ತೀವ್ರವಾದದ್ದು. ಪೈಲಟ್ ಆಯ್ಕೆಯ ಗಣಕೀಕೃತ ಪರೀಕ್ಷೆಯನ್ನು ಜೀವನದಲ್ಲಿ ಒಮ್ಮೆ ಮಾತ್ರ ಬರೆಯಬಹುದು. ಪದವಿಯ ನಂತರದ ಎಎಫ್‌ಕ್ಯಾಟ್ ಮಾರ್ಗದಲ್ಲಿ ಹಾರಾಟ ಶಾಖೆಗೆ ಹನ್ನೆರಡರ ಗಣಿತ, ಭೌತಶಾಸ್ತ್ರ ಎರಡರಲ್ಲೂ ಶೇ 50, ಪದವಿಯಲ್ಲಿ ಶೇ 60 ಬೇಕಾಗುತ್ತದೆ.

ಒಂದೆರಡು ಅಂಕಗಳ ಕೊರತೆಯಿಂದ ಈ ಗೆರೆಗಳ ಕೆಳಗೆ ಉಳಿದವರು ನಿರಾಶರಾಗಬೇಕಿಲ್ಲ. ರಾಜ್ಯದಲ್ಲಿ 2024ರಿಂದ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳು ನಡೆಯುತ್ತಿದ್ದು, ಮೊದಲ ಪರೀಕ್ಷೆಯಲ್ಲಿ ತೇರ್ಗಡೆಯಾದವರೂ ಅಂಕ ಸುಧಾರಣೆಗೆ ಮತ್ತೆ ಕುಳಿತುಕೊಳ್ಳಬಹುದು.

ಒಳಗೆ ಹೋದ ಮೇಲೆ

ಖಾಸಗಿ ತರಬೇತಿ ಸಂಸ್ಥೆಗಳು ಅಂಕಪಟ್ಟಿಯನ್ನು ಹೆಚ್ಚು ಕೆದಕುವುದಿಲ್ಲ. ಡಿಜಿಸಿಎ ಪರೀಕ್ಷೆ ಹಾಗಲ್ಲ. ಏರ್ ನ್ಯಾವಿಗೇಷನ್, ಹವಾಮಾನ ಶಾಸ್ತ್ರ, ವಿಮಾನಯಾನ ನಿಯಮಾವಳಿ, ತಾಂತ್ರಿಕ ವಿಷಯಗಳು ಎಂಬ ಪತ್ರಿಕೆಗಳಲ್ಲಿ ತೇರ್ಗಡೆಗೆ ಬೇಕಾದದ್ದು ಶೇ 70. ಇದಲ್ಲದೆ ರೇಡಿಯೋ ಸಂಭಾಷಣೆಯ ಪರವಾನಗಿಗೆ ಬೇರೊಂದು ಪರೀಕ್ಷೆ ಇದೆ. ಪಿಯುಸಿಯಲ್ಲಿ 45 ತೆಗೆದ ವಿದ್ಯಾರ್ಥಿ ಇಲ್ಲಿ ಪತ್ರಿಕೆ ಪತ್ರಿಕೆಗೂ 70 ತೆಗೆಯಬೇಕು. ಅಂಕದ ಪ್ರಶ್ನೆ ಮುಗಿಯಿತೆಂದು ನಿಟ್ಟುಸಿರು ಬಿಟ್ಟ ಮನೆಯವರು ಮರೆಯುವುದು ಇದನ್ನೇ.

ಆದರೆ ಇಲ್ಲಿ ಬೇಕಾಗುವ ಗಣಿತ ಯಾವ ಬಗೆಯದು ಎಂಬುದನ್ನು ಗಮನಿಸಬೇಕು. ಉದಾಹರಣೆಗೆ, ಅರವತ್ತು ಮೈಲಿ ಸಾಗಿದಾಗ ವಿಮಾನ ಮಾರ್ಗದಿಂದ ಒಂದು ಮೈಲಿ ಪಕ್ಕಕ್ಕೆ ಸರಿದಿದ್ದರೆ ದಿಕ್ಕಿನಲ್ಲಿ ಆಗಿರುವ ತಪ್ಪು ಸುಮಾರು ಒಂದು ಡಿಗ್ರಿ. ಎರಡು ಮೈಲಿ ಸರಿದಿದ್ದರೆ ಎರಡು ಡಿಗ್ರಿ. ಇದನ್ನು ಚಾಲಕ ಮನಸ್ಸಿನಲ್ಲೇ ಲೆಕ್ಕ ಹಾಕಿ ವಿಮಾನವನ್ನು ತಿರುಗಿಸಬೇಕು. ಇನ್ನೊಂದು ಉದಾಹರಣೆ ನಮ್ಮ ಬೆಂಗಳೂರಿನದೇ. ಸಮುದ್ರ ಮಟ್ಟದಿಂದ ಸುಮಾರು ಮೂರು ಸಾವಿರ ಅಡಿ ಎತ್ತರದ ಈ ಊರಿನಲ್ಲಿ ಏಪ್ರಿಲ್ ಮಧ್ಯಾಹ್ನದ ಬಿಸಿಗೆ ಗಾಳಿ ಇನ್ನಷ್ಟು ತೆಳುವಾಗುತ್ತದೆ. ರೆಕ್ಕೆಗೆ ಸಿಗುವ ಎತ್ತುಬಲವೂ ಎಂಜಿನ್ನಿನ ಶಕ್ತಿಯೂ ಕುಗ್ಗಿ, ಅದೇ ಪುಟ್ಟ ವಿಮಾನ ಮಂಗಳೂರಿನಲ್ಲಿ ಮೇಲೇರುವುದಕ್ಕಿಂತ ಇಲ್ಲಿ ಹೆಚ್ಚು ದೂರ ರನ್‌ವೇ ಮೇಲೆ ಓಡಬೇಕಾಗುತ್ತದೆ. ಎಷ್ಟು ದೂರ ಎಂಬುದನ್ನು ಕೋಷ್ಟಕ ನೋಡಿ ಮೊದಲೇ ಲೆಕ್ಕ ಹಾಕಬೇಕು.

ಕಲನಶಾಸ್ತ್ರದ ದೀರ್ಘ ಸಮಸ್ಯೆಗಳು ಇಲ್ಲಿ ಎದುರಾಗುವುದಿಲ್ಲ. ಅನುಪಾತ, ಕೋನ, ವೇಗ-ಕಾಲ-ದೂರಗಳ ಸಂಬಂಧ, ಬಾಯಿಲೆಕ್ಕದ ಚುರುಕು, ಇವು ಪ್ರತಿದಿನ ಬೇಕು. ಆದ್ದರಿಂದ ಅಂಕ ಕಡಿಮೆ ಬಂದದ್ದೇಕೆ ಎಂದು ಮನೆಯಲ್ಲಿ ಪ್ರಾಮಾಣಿಕವಾಗಿ ಕೇಳಿಕೊಳ್ಳುವುದು ಒಳ್ಳೆಯದು. ಓದದೆ ಕಳೆದುಕೊಂಡ ಅಂಕ ಬೇರೆ, ಕನ್ನಡ ಮಾಧ್ಯಮದಿಂದ ಬಂದು ಇಂಗ್ಲಿಷ್ ಪ್ರಶ್ನೆಪತ್ರಿಕೆಯೆದುರು ತಡವರಿಸಿದ್ದು ಬೇರೆ, ಲೆಕ್ಕವೆಂದರೆ ತಲೆಗೇ ಹತ್ತದಿರುವುದು ಬೇರೆ. ಮೊದಲೆರಡಕ್ಕೆ ಶ್ರಮದಲ್ಲಿ ಪರಿಹಾರವಿದೆ. ಮೂರನೆಯದು ನಿಜವಾಗಿದ್ದರೆ ಈ ವೃತ್ತಿಗೆ ಹಣ ತೊಡಗಿಸುವ ಮುನ್ನ ಎರಡು ಬಾರಿ ಯೋಚಿಸಬೇಕು.

ಅಂಕಪಟ್ಟಿಯನ್ನೇ ತಿದ್ದುವ ಅಡ್ಡದಾರಿ ತೋರಿಸುವವರೂ ಇದ್ದಾರೆ. ನಕಲಿ ಅಂಕಪಟ್ಟಿ ಸಲ್ಲಿಸಿ ಮೇಲ್ದರ್ಜೆಯ ಲೈಸೆನ್ಸ್ ಪಡೆದಿದ್ದ ಪೈಲಟ್‌ಗಳು 2011ರಲ್ಲಿ ಸಿಕ್ಕಿಬಿದ್ದು ಜೈಲು ಸೇರಿದ ಪ್ರಕರಣ ದೇಶದಲ್ಲೆಲ್ಲ ಸುದ್ದಿಯಾಗಿತ್ತು. ಹನ್ನೆರಡನೇ ತರಗತಿಯ ಅಂಕಪಟ್ಟಿಯ ನೈಜತೆಯನ್ನು ಮಂಡಳಿಯಿಂದ ದೃಢೀಕರಿಸದೆ ಡಿಜಿಸಿಎ ಮುಂದುವರಿಯುವುದಿಲ್ಲ.

ಇನ್ನು ಹಾರಾಟ. ಲೈಸೆನ್ಸಿಗೆ ಒಟ್ಟು 200 ಗಂಟೆ ಹಾರಿಸಿರಬೇಕು. ಅದರಲ್ಲಿ 100 ಗಂಟೆ ತಾನೇ ಮುಖ್ಯ ಚಾಲಕನಾಗಿರಬೇಕು. 300 ನಾಟಿಕಲ್ ಮೈಲಿಗೆ, ಅಂದರೆ ಸುಮಾರು 555 ಕಿಲೋಮೀಟರಿಗೆ ಕಡಿಮೆಯಿಲ್ಲದ ಒಂದು ದೂರ ಪ್ರಯಾಣವೂ ರಾತ್ರಿ ಹಾರಾಟವೂ ಅದರಲ್ಲಿ ಸೇರಿರಬೇಕು.

ಹಣ ಕಟ್ಟುವ ಮುನ್ನ

ಈ 200 ಗಂಟೆಗಳಿಗೆ ದೇಶದ ಖಾಸಗಿ ಸಂಸ್ಥೆಗಳಲ್ಲಿ ಸಾಮಾನ್ಯವಾಗಿ 40ರಿಂದ 60 ಲಕ್ಷ ರೂಪಾಯಿ ತಗಲುತ್ತದೆ. ಲೈಸೆನ್ಸ್ ಸಿಕ್ಕ ಬಳಿಕ ಏರ್‌ಬಸ್ 320 ಅಥವಾ ಬೋಯಿಂಗ್ 737ರಂಥ ನಿರ್ದಿಷ್ಟ ವಿಮಾನ ಹಾರಿಸಲು 'ಟೈಪ್ ರೇಟಿಂಗ್' ಬೇಕು. ಅದಕ್ಕೆ ಮತ್ತೆ ಹತ್ತು ಲಕ್ಷಕ್ಕೂ ಹೆಚ್ಚು. ಏಳೂವರೆ ಲಕ್ಷ ದಾಟಿದ ಶಿಕ್ಷಣ ಸಾಲಕ್ಕೆ ಬ್ಯಾಂಕುಗಳು ಸಾಮಾನ್ಯವಾಗಿ ಆಸ್ತಿಯ ಅಡಮಾನ ಕೇಳುತ್ತವೆ. ಅಂದರೆ ಪಣಕ್ಕಿಡುವುದು ಊರಿನ ಜಮೀನನ್ನೋ ಇರುವ ಒಂದೇ ಮನೆಯನ್ನೋ.

ಉದ್ಯೋಗದ ಚಿತ್ರವನ್ನೂ ಪೂರ್ತಿಯಾಗಿ ನೋಡಬೇಕು. 2023ರಲ್ಲಿ ಏರ್ ಇಂಡಿಯಾ 470, ಇಂಡಿಗೋ 500 ವಿಮಾನಗಳಿಗೆ ಬೇಡಿಕೆ ಸಲ್ಲಿಸಿದವು. ಅದೇ ವರ್ಷ ಡಿಜಿಸಿಎ 1,622 ಕಮರ್ಷಿಯಲ್ ಲೈಸೆನ್ಸ್‌ಗಳನ್ನು ನೀಡಿತು. ಆದರೆ ಬೇಡಿಕೆ ಸಲ್ಲಿಸಿದ ವಿಮಾನಗಳು ಬರಲು ವರ್ಷಗಳು ಹಿಡಿಯುತ್ತವೆ. ಲೈಸೆನ್ಸ್ ಪಡೆದವರು ಈಗಲೇ ಸಾಲಿನಲ್ಲಿ ನಿಂತಿರುತ್ತಾರೆ. 2012ರಲ್ಲಿ ಕಿಂಗ್‌ಫಿಷರ್, 2019ರಲ್ಲಿ ಜೆಟ್ ಏರ್‌ವೇಸ್, 2023ರಲ್ಲಿ ಗೋ ಫಸ್ಟ್ ನಿಂತುಹೋದಾಗ ಅನುಭವಿ ಪೈಲಟ್‌ಗಳೂ ಅದೇ ಸಾಲಿಗೆ ಬಂದು ಸೇರಿದರು. ಅಂಥ ಸಮಯದಲ್ಲಿ 200 ಗಂಟೆಯ ಹೊಸಬನ ಸರದಿ ಬರುವುದು ಕೊನೆಗೆ.

ಕರ್ನಾಟಕದಲ್ಲೇ ಕಲಿಯುವ ಅವಕಾಶಗಳಿವೆ. ವಿಮಾನ ನಿಲ್ದಾಣ ಪ್ರಾಧಿಕಾರವು 2021ರಲ್ಲಿ ತರಬೇತಿ ಸಂಸ್ಥೆಗಳಿಗೆ ಜಾಗ ಕೊಟ್ಟ ಐದು ನಿಲ್ದಾಣಗಳಲ್ಲಿ ಬೆಳಗಾವಿ ಮತ್ತು ಕಲಬುರಗಿ ಸೇರಿವೆ. ಬೆಂಗಳೂರಿನ ಜಕ್ಕೂರಿನಲ್ಲಿ ಮೈಸೂರು ಸಂಸ್ಥಾನದ ಕೊನೆಯ ದಿನಗಳಲ್ಲಿ ಹುಟ್ಟಿದ ಸರ್ಕಾರಿ ವೈಮಾನಿಕ ತರಬೇತಿ ಶಾಲೆ ಇದೆ. ಅದು ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಅಧೀನದ್ದು. ಅಲ್ಲಿ ತರಬೇತಿ ದೀರ್ಘಕಾಲ ಸ್ಥಗಿತಗೊಂಡ ಇತಿಹಾಸವೂ ಇರುವುದರಿಂದ ಖುದ್ದಾಗಿ ಹೋಗಿ ವಿಚಾರಿಸುವುದು ಕ್ಷೇಮ. ಡಿಜಿಸಿಎ 2025ರ ಅಕ್ಟೋಬರ್‌ನಲ್ಲಿ ಮೊದಲ ಬಾರಿಗೆ ದೇಶದ ಹಾರಾಟ ತರಬೇತಿ ಸಂಸ್ಥೆಗಳ ಶ್ರೇಣಿಪಟ್ಟಿ ಪ್ರಕಟಿಸಿದಾಗ ಮೇಲಿನ ಎರಡು ದರ್ಜೆಗೆ ಒಂದು ಸಂಸ್ಥೆಯೂ ಏರಲಿಲ್ಲ.

ಯಾವ ಸಂಸ್ಥೆಗೇ ಹೋದರೂ ಕೇಳಬೇಕಾದದ್ದು ಸರಳ. ಹಾರಲು ಸಿದ್ಧವಿರುವ ವಿಮಾನಗಳೆಷ್ಟು, ಬೋಧಕರೆಷ್ಟು, ವಿದ್ಯಾರ್ಥಿಗಳೆಷ್ಟು, ಹೋದ ತಿಂಗಳು ಒಬ್ಬೊಬ್ಬರಿಗೆ ಎಷ್ಟು ಗಂಟೆ ಹಾರಾಟ ಸಿಕ್ಕಿತು, ಅರ್ಧಕ್ಕೆ ಬಿಟ್ಟರೆ ಎಷ್ಟು ಹಣ ಮರಳುತ್ತದೆ. ಹ್ಯಾಂಗರಿನಲ್ಲಿ ನಿಂತ ವಿಮಾನಗಳನ್ನು ಎಣಿಸಿ ಮೋಸ ಹೋಗಬಾರದು. ಅವುಗಳಲ್ಲಿ ಕೆಲವು ಬಿಡಿಭಾಗಕ್ಕಾಗಿ ಕಾಯುತ್ತಿರಬಹುದು. ಒಂದೂವರೆ ವರ್ಷದ ತರಬೇತಿ ಮೂರು ವರ್ಷಕ್ಕೆ ಎಳೆದರೆ ಬಡ್ಡಿಯೂ ಹಾಸ್ಟೆಲ್ ಖರ್ಚೂ ಬೆಳೆಯುತ್ತಲೇ ಹೋಗುತ್ತವೆ. ಹೇಳಿದ ಉತ್ತರಗಳನ್ನು ಬರಹದಲ್ಲಿ ಕೊಡಲು ಒಪ್ಪದ ಸಂಸ್ಥೆಗೆ ಪೂರ್ತಿ ಶುಲ್ಕವನ್ನು ಒಮ್ಮೆಗೇ ಕಟ್ಟಬೇಡಿ.

ಅದಕ್ಕೂ ಮುನ್ನ ಮಾಡಬೇಕಾದ ಎರಡು ಕೆಲಸಗಳಿವೆ. ಒಂದು, ವೈದ್ಯಕೀಯ ಪರೀಕ್ಷೆ. ಡಿಜಿಸಿಎ ಮಾನ್ಯತೆ ಪಡೆದ ವೈದ್ಯರಲ್ಲಿ ಎರಡನೇ ದರ್ಜೆಯ ಪರೀಕ್ಷೆ, ನಂತರ ಮೊದಲ ದರ್ಜೆಯ ಪರೀಕ್ಷೆ ಆಗಬೇಕು. ಮೊದಲ ದರ್ಜೆಯ ಪರೀಕ್ಷೆ ನಡೆಸುವ ಕೇಂದ್ರಗಳಲ್ಲಿ ಬೆಂಗಳೂರಿನ ವೈಮಾನಿಕ ವೈದ್ಯಕೀಯ ಸಂಸ್ಥೆಯೂ ಒಂದು. ಕನ್ನಡಕದಿಂದ ಸರಿಹೋಗುವ ದೃಷ್ಟಿದೋಷ ಸಾಮಾನ್ಯವಾಗಿ ಅಡ್ಡಿಯಾಗದು. ಬಣ್ಣ ಗುರುತಿಸುವಲ್ಲಿ ದೋಷವಿದ್ದರೆ ತೊಂದರೆ. ಶುಲ್ಕ ಕಟ್ಟಿದ ಬಳಿಕ ಅದು ತಿಳಿದು ಫಲವಿಲ್ಲ.

ಎರಡನೆಯದು ಕಡಿಮೆ ಅಂಕದವರಿಗೆ ವಿಶೇಷವಾಗಿ ಅನ್ವಯಿಸುತ್ತದೆ. ಹಾರಾಟ ಆರಂಭಿಸುವ ಮೊದಲೇ ಡಿಜಿಸಿಎಯಲ್ಲಿ ಹೆಸರು ನೋಂದಾಯಿಸಿ ಲಿಖಿತ ಪತ್ರಿಕೆಗಳನ್ನು ಬರೆಯಬಹುದು. ಇದಕ್ಕೆ ತಗಲುವ ಖರ್ಚು ಹಾರಾಟದ ಶುಲ್ಕಕ್ಕೆ ಹೋಲಿಸಿದರೆ ಅಲ್ಪ. ಆರು ತಿಂಗಳು ಕುಳಿತು ಓದಿ ನ್ಯಾವಿಗೇಷನ್ ಮತ್ತು ಹವಾಮಾನ ಶಾಸ್ತ್ರಗಳಲ್ಲಿ 70 ದಾಟಿದ ವಿದ್ಯಾರ್ಥಿಯ ಪಿಯುಸಿ ಅಂಕದ ಬಗ್ಗೆ ತಂದೆತಾಯಿ ಮತ್ತೆ ಚಿಂತಿಸಬೇಕಿಲ್ಲ. ಮನೆಪತ್ರ ಹಿಡಿದು ಬ್ಯಾಂಕಿಗೆ ಹೋಗುವ ಯೋಚನೆ ಆಮೇಲೆ ಮಾಡಬಹುದು. ಎರಡು ಮೂರು ಪ್ರಯತ್ನಗಳಲ್ಲೂ ದಾಟಲಾಗದಿದ್ದರೆ ಹೋಗುವುದು ಒಂದು ವರ್ಷ ಮತ್ತು ಒಂದಷ್ಟು ಸಾವಿರ ರೂಪಾಯಿ. ಮನೆಪತ್ರ ಕಪಾಟಿನಲ್ಲೇ ಇರುತ್ತದೆ, ಪದವಿ ಕಾಲೇಜಿಗೆ ಅರ್ಜಿ ಹಾಕುವ ವಯಸ್ಸೂ ಮೀರಿರುವುದಿಲ್ಲ.