ಅಕ್ಕಮಹಾದೇವಿಯ ಒಂದು ವಚನದಲ್ಲಿ ‘ಸಮಾಧಾನ’

ಶಿಕಾರಿಪುರ, ಸೊರಬ ಸೀಮೆಗಳು ಪೂರ್ವದಲ್ಲಿ ಬನವಾಸಿ ಪನ್ನಿರ್ಚ್ಛಾಸಿರಕ್ಕೆ ಸೇರಿದ್ದುವು. ಇವುಗಳ ಶಾಸನಗಳನ್ನು ಬಿ. ಎಲ್. ರೈಸರು ಎಪಿಗ್ರಾಫಿಯ ಕರ್ನಾಟಿಕದ 7, 8ನೆಯ ಸಂಪುಟಗಳಲ್ಲಿ (1902, 1904) ಪ್ರಕಟಿಸಿದರು. ಅವುಗಳಲ್ಲಿ ವೀರಗಲ್ಲುಗಳು ಬಹಳ. ತುರುಗಳನ್ನು ಮರಳಿಸಲು ಕಾದಿ ಮಡಿದವರ ನೆನಪು ಅಲ್ಲಿ ಮತ್ತೆ ಮತ್ತೆ ಬರುತ್ತದೆ. ಭಯವು ಆ ನಾಡಿನವರಿಗೆ ಅಪರಿಚಿತವಾಗಿರಲಿಲ್ಲ.

ಭಯಕ್ಕೆ ಆ ನಾಡು ಕಂಡುಕೊಂಡ ಪರಿಹಾರಗಳಲ್ಲಿ ಒಂದು ಬಾಹ್ಯವಾದುದು. ಕಲಚುರಿ ಬಿಜ್ಜಳನ ಕಾಲದ, 1162ನೆಯ ಇಸವಿಯ ಬಳ್ಳಿಗಾವೆಯ ಶಾಸನವು ಕೋಡಿಯಮಠವನ್ನು ವಿದ್ಯಾಸ್ಥಾನವೆಂದೂ ದೀನಾನಾಥರಿಗೆ ಅನ್ನವನ್ನೂ ರೋಗಿಗಳಿಗೆ ಔಷಧವನ್ನೂ ಕೊಡುವ ಸ್ಥಳವೆಂದೂ ಸಕಲ ಜೀವಿಗಳಿಗೆ ಅಭಯಸ್ಥಾನವೆಂದೂ ವರ್ಣಿಸುತ್ತದೆ.

ಇನ್ನೊಂದು ಪರಿಹಾರ ಆಂತರಿಕವಾದುದು. ಬಳ್ಳಿಗಾವೆಗೆ ಸಮೀಪದ ಉಡುತಡಿಯು ಅಕ್ಕಮಹಾದೇವಿಯ ಜನ್ಮಸ್ಥಳವೆಂದು ಪ್ರಸಿದ್ಧವಾಗಿದೆ. ಬೆಟ್ಟದ ಮೇಲಿನ ಮನೆ, ಸಮುದ್ರದ ತಡಿಯ ಮನೆ, ಸಂತೆಯ ನಡುವಣ ಮನೆ ಎಂಬ ಮೂರು ದೃಷ್ಟಾಂತಗಳುಳ್ಳ ಆಕೆಯ ವಚನವು ಸರ್ವವಿದಿತವಾದುದು. ಲೋಕದಲ್ಲಿ ಹುಟ್ಟಿದವರು ಸ್ತುತಿನಿಂದೆಗಳಿಗೆ ಕೋಪಿಸದೆ ಸಮಾಧಾನಿಗಳಾಗಿರಬೇಕೆಂಬುದು ಅದರ ತಾತ್ಪರ್ಯ.

ಇದನ್ನು ಕೇವಲ ಲೋಕನೀತಿಯೆಂದು ಬೋಧಿಸುವುದು ವಾಡಿಕೆ. ಆದರೆ ವಚನದ ರಚನೆಯಲ್ಲಿ ಎರಡು ಅಂಶಗಳು ಗಮನಾರ್ಹವಾಗಿವೆ. ಮೊದಲನೆಯದಾಗಿ, ಮೃಗಗಳಾಗಲಿ ತೆರೆಗಳಾಗಲಿ ಗದ್ದಲವಾಗಲಿ ತೊಲಗಬೇಕೆಂಬ ಬೇಡಿಕೆ ಅಲ್ಲಿಲ್ಲ. ಅವು ಇದ್ದಲ್ಲಿಯೇ ಇರುತ್ತವೆ. ಎರಡನೆಯದಾಗಿ, ಸಮಾಧಾನದ ಮಾತು ಮನುಷ್ಯರನ್ನು ಸಂಬೋಧಿಸಿದುದಲ್ಲ. ಅದನ್ನು ಕೇಳಬೇಕಾದವನು ಚೆನ್ನಮಲ್ಲಿಕಾರ್ಜುನ. ಅಂಜಿದ ಮನಸ್ಸು ತನಗೆ ತಾನೇ ಹೇಳಿಕೊಳ್ಳಬಹುದಾದ ಬುದ್ಧಿಮಾತನ್ನು ದೇವನ ಎದುರಿನಲ್ಲಿ ಹೇಳಿದುದರಿಂದಲೇ ಅದು ಪ್ರಾರ್ಥನೆಯಾಗಿದೆ. ಬೇಡದಿದ್ದರೂ ಆತನು ಕೇಳುತ್ತಿರುವನೆಂಬ ನಂಬುಗೆಯೇ ಇಲ್ಲಿಯ ತಾಳ್ಮೆಗೆ ಆಧಾರ.

‘ಸಮಾಧಾನ’ವೆಂದರೆ ಈಗ ರೂಢಿಯಲ್ಲಿ ಸಾಂತ್ವನ. ಶಬ್ದದ ಮೂಲಾರ್ಥವು ಚೆನ್ನಾಗಿ ನೆಲೆಗೊಳಿಸುವುದು ಎಂದು. ವೇದಾಂತದ ಶಮಾದಿಷಟ್ಕದಲ್ಲಿಯೂ ತಿತಿಕ್ಷೆ, ಶ್ರದ್ಧೆಗಳ ಬಳಿಕ ಸಮಾಧಾನವನ್ನು ಎಣಿಸುವರು. ಅಲ್ಲಿ ಅದು ಚಿತ್ತೈಕಾಗ್ರ್ಯ. ಈ ಅರ್ಥವನ್ನು ಹಿಡಿದರೆ ವಚನದ ಸಮಾಧಾನವು ನಿರುಪಾಯನ ಸಹನೆಯಲ್ಲ, ನೆಲೆಗೊಂಡ ಚಿತ್ತದ ಸ್ಥಿತಿಯೆಂದು ತಿಳಿಯುವುದು.

ಮಠದ ಅಭಯವು ದೇಹಕ್ಕೆ ಆಶ್ರಯ. ವಚನದ ಸಮಾಧಾನವು ಮನಸ್ಸಿಗೆ ನೆಲೆ. ಒಂದು ಇನ್ನೊಂದಕ್ಕೆ ಬದಲಾಗಲಾರದು. ಹಸಿದವನಿಗೆ ವಚನವನ್ನು ಮಾತ್ರ ಬೋಧಿಸಿದರೆ ಸಾಲದು. ಅನ್ನ ದೊರೆತ ಮಾತ್ರಕ್ಕೆ ಅಂಜಿಕೆ ನೀಗುವುದೂ ಇಲ್ಲ. ಒಂದೇ ಸೀಮೆಯ ಈ ಶಾಸನವನ್ನೂ ವಚನವನ್ನೂ ಜೊತೆಯಾಗಿ ಓದಿಸಿದಲ್ಲಿ ವಿದ್ಯಾರ್ಥಿಗಳಿಗೆ ಎರಡರ ಬೆಲೆಯೂ ಸ್ಪಷ್ಟವಾದೀತು.